ಕೊನೆಯ ದೃಶ್ಯವನ್ನೇ ದಿನಾ ರಾತ್ರಿ ನೋಡುತ್ತೇನೆ, ಇದು ಕಾಯಿಲೆಯೇ?

ಪ್ರಶ್ನೆ: ಮೇಡಂ, ನಾನು ಇಂಡಿ ತಾಲೂಕಿನವಳು. ವಯಸ್ಸು 21. ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಅವ್ವನ ತವರು ಸೊಲ್ಲಾಪುರ. ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅಲ್ಲಿ ಸೋದರಮಾವನ ಮನೆಯಲ್ಲಿ ‘ಸೈರಾಟ್’ ಅನ್ನುವ ಮರಾಠಿ ಸಿನಿಮಾ ನೋಡಿದೆ. ಅವತ್ತಿನಿಂದ ಆ ಸಿನಿಮಾ ಅಂದರೆ ನನಗೆ ಜೀವ. ಅದರ ಸಲುವಾಗಿಯೇ ಮರಾಠಿ ಓದಲು ಕಲಿತೆ. ಡೈಲಾಗ್ ಬರೆದಿಟ್ಟ ನೋಟ್‌ಬುಕ್ ಇದೆ. ಅದರಲ್ಲಿ ಜಾತಿ ಮೀರಿ ಮದುವೆಯಾದ ಅರ್ಚಿ, ಪರ್ಶ್ಯಾ ಅವಳ ತವರಿನವರ ಕೈಯಲ್ಲೇ ಸತ್ತಿದ್ದು ನಮ್ಮ ಮನೆಯವರೇ ಸತ್ತಂತೆ ಆಗುತ್ತದೆ. ಶೂಟಿಂಗ್ ಆದ ಕರಮಾಳಾಕ್ಕೆ ಒಮ್ಮೆ ಹೋಗಬೇಕು ಅಂತ ಆಸೆ, ಪಂಢರಪುರಕ್ಕೆ ಹೋದಾಗ ಕೇಳಿದೆ, ಯಾರೂ ಒಪ್ಪಲಿಲ್ಲ. ಅಣ್ಣ “ಇಂಥಾ ಸಿನಿಮಾ ನೋಡೇ ಹುಡುಗ್ಯಾರು ಓಡಿ ಹೋಗೂದು” ಅಂತಾನೆ. ಅವ್ವ “ಸತ್ತವರ ಸಿನಿಮಾ ದಿನಾ ಹಚ್ಚಬ್ಯಾಡ, ಮನಿಗೆ ಕೇಡು” ಅಂತಾಳೆ. ಗೆಳತಿಯರು ಸುಮ್ನೆ ನಗುತ್ತಾರೆ. ದೀಪಾವಳಿ ರಜೆಗೆ ಹೋದ ನನ್ನ ರೂಮ್‌ಮೇಟ್ ವಾಪಸ್ ಬರಲಿಲ್ಲ, ಬೇರೆ ಜಾತಿಯ ಹುಡುಗನ ಜೊತೆ ಮದುವೆಯಾಗಿ ಪುಣೆಗೆ ಹೋದಳಂತೆ, ನಂಬರ್ ಬಂದ್ ಇದೆ. ಈಗ ಪೂರ್ತಿ ಸಿನಿಮಾ ನೋಡುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೊನೆಯ ಹತ್ತು ನಿಮಿಷ ಮಾತ್ರ ನೋಡುತ್ತೇನೆ. ಆಮೇಲೆ ಎರಡು ಗಂಟೆಯಾದರೂ ನಿದ್ದೆ ಬರುವುದಿಲ್ಲ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂತು. ಸಾಯಬೇಕು ಅಂತೇನಿಲ್ಲ, ಆದರೆ ಯಾವುದೂ ಬೇಡ ಅನಿಸುತ್ತದೆ. ಇದು ಮಾನಸಿಕ ಕಾಯಿಲೆಯೇ? ಸಿನಿಮಾ ಡಿಲೀಟ್ ಮಾಡಬೇಕೇ?

ಉತ್ತರ:

ತಂಗಿ, ನಿನ್ನ ಪತ್ರದಲ್ಲಿ ಎರಡು ವಿಷಯ ಕಲೆತು ಹೋಗಿವೆ. ಒಂದು, ಎಂಟನೇ ಕ್ಲಾಸಿನಿಂದ ಬಂದಿರುವ ಪ್ರೀತಿ. ಇನ್ನೊಂದು, ದೀಪಾವಳಿಯ ನಂತರ ಶುರುವಾದ ರಾತ್ರಿಗಳು. ಮೊದಲನೆಯದು ಕಾಯಿಲೆ ಅಲ್ಲ. ಎರಡನೆಯದನ್ನು ಹಗುರವಾಗಿ ಬಿಡುವ ಹಾಗಿಲ್ಲ.

ಪ್ರೀತಿಯ ಮಾತು ಮೊದಲು. ಸಿನಿಮಾದಲ್ಲಿ ಸತ್ತವರಿಗಾಗಿ ಅಳುವುದು ಹುಚ್ಚಲ್ಲ. ತೆರೆಯ ಮೇಲೆ ನೋಡಿದವರ ಜೊತೆ ನಿಜವಾದ ಗೆಳೆತನದಂಥದ್ದೇ ಒಂದು ನಂಟು ಬೆಳೆಯುತ್ತದೆ ಅಂತ 1956ರಲ್ಲೇ ಅಮೆರಿಕದ ಇಬ್ಬರು ಸಂಶೋಧಕರು ಬರೆದಿದ್ದರು. ಅದು ಟಿ.ವಿ. ಹೊಸದಾಗಿದ್ದ ಕಾಲ. ಇವರು ಪಾತ್ರ ಅಂತ ಬುದ್ಧಿಗೆ ಗೊತ್ತಿರುತ್ತದೆ. ಮನಸ್ಸು ಮಾತ್ರ ಆ ಲೆಕ್ಕ ಇಡುವುದಿಲ್ಲ. ಅದರಲ್ಲೂ ಹದಿಹರೆಯದಲ್ಲಿ ನೋಡಿದ್ದು, ಕೇಳಿದ್ದು, ಓದಿದ್ದು ಗಟ್ಟಿಯಾಗಿ ಉಳಿಯುತ್ತದೆ. ವಯಸ್ಸಾದವರನ್ನು ಹಳೆಯ ನೆನಪು ಕೇಳಿದರೆ ಹತ್ತರಿಂದ ಮೂವತ್ತು ವರ್ಷದ ನಡುವಿನವೇ ಜಾಸ್ತಿ ಬರುತ್ತವೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡಿದ್ದಾರೆ. ನೀನು ಬೆಳೆಯುತ್ತಿದ್ದ ಹೊತ್ತಿಗೇ ಬೆಳೆಯುವ ಹುಡುಗಿಯೊಬ್ಬಳ ಕಥೆ ನೋಡಿದೆ. ಅದು ಅಂಟಿಕೊಂಡಿದ್ದರಲ್ಲಿ ಆಶ್ಚರ್ಯ ಏನಿದೆ?

ಅದೂ ಎಂಥ ಸಿನಿಮಾ! 2016ರ ಏಪ್ರಿಲ್ ಕೊನೆಗೆ ಬಂದದ್ದು. ನಿರ್ದೇಶಕ ನಾಗರಾಜ್ ಮಂಜುಳೆ ಕರಮಾಳಾ ತಾಲೂಕಿನ ಜೇವೂರಿನವರು. ಅರ್ಚಿ ಮಾಡಿದ ರಿಂಕು ರಾಜಗುರು ಅಕಲೂಜಿನ ಹುಡುಗಿ, ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಎರಡೂ ಸೊಲ್ಲಾಪುರ ಜಿಲ್ಲೆಯವೇ. ವಿಜಯಪುರದಿಂದ ಸೊಲ್ಲಾಪುರ ನೂರು ಕಿಲೋಮೀಟರ್. ಆ ಕಬ್ಬಿನ ಗದ್ದೆ, ಬಾವಿ, ಟ್ರ್ಯಾಕ್ಟರ್, ಊರ ಗೌಡರ ಮನೆಯ ಗತ್ತು, ಎಲ್ಲ ನಮ್ಮ ಭೀಮಾ ತೀರದಲ್ಲಿ ಕಾಣುವಂಥದ್ದೇ. ನಿನಗದು ಪರಭಾಷೆಯ ಸಿನಿಮಾ ಅನಿಸಲೇ ಇಲ್ಲ ಅಲ್ವಾ? ಒಂದು ಸಿನಿಮಾಕ್ಕಾಗಿ ಇನ್ನೊಂದು ಭಾಷೆ ಓದಲು ಕಲಿತವಳನ್ನು ನೋಡಿ ನಗುವವರು ನಗಲಿ. ನನಗೆ ಅದು ಖುಷಿಯ ವಿಷಯ.

ಅವ್ವನ ಮಾತಿಗೆ ಬರುತ್ತೇನೆ. ಸಾವಿನ ಕಥೆ ಮತ್ತೆ ಮತ್ತೆ ನೋಡಿದರೆ ಮನೆಗೆ ಕೇಡು ಅನ್ನುವುದು ನಿಜವಾಗಿದ್ದರೆ ನಮ್ಮ ಕಡೆ ಒಂದು ಊರೂ ಉಳಿಯುತ್ತಿರಲಿಲ್ಲ. ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆಂದು ಹೇಳುವ ಕೊಲೆಯ ಕಥೆ ‘ಸಂಗ್ಯಾ ಬಾಳ್ಯಾ’. ಜಾತ್ರೆಯಲ್ಲಿ ಆ ಸಣ್ಣಾಟ ಹಚ್ಚಿದರೆ ಜನ ಬೆಳತನಕ ಕೂತು ನೋಡುತ್ತಾರೆ. ಸಂಗ್ಯಾ ಕೊನೆಗೆ ಸಾಯುತ್ತಾನೆ ಅಂತ ಸಣ್ಣ ಹುಡುಗರಿಗೂ ಗೊತ್ತು. ಆದರೂ ಗೆಳೆಯನೇ ಕೈಕೊಟ್ಟನಲ್ಲ ಅನ್ನುವಲ್ಲಿ ಪ್ರತಿ ಸಲ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಮೊಹರಂನಲ್ಲಿ ನಮ್ಮ ಹಳ್ಳಿಗಳ ರಿವಾಯತ್ ಪದಗಳೂ ಹಾಗೆಯೇ. ಕರ್ಬಲಾದ ಸಾವಿನ ಪದವನ್ನು ಎಲ್ಲ ಜಾತಿಯವರೂ ಹಾಡುತ್ತಾರೆ, ಕೇಳಿ ಅಳುತ್ತಾರೆ, ಮರುದಿನ ಹೊಲಕ್ಕೆ ಹೋಗುತ್ತಾರೆ. ಅವ್ವನ ಜೊತೆ ಜಗಳ ಬೇಡ. ಅವಳ ಮಾತಿನಲ್ಲಿರುವುದು ಮಗಳು ರಾತ್ರಿ ಒಬ್ಬಳೇ ಅಳುತ್ತಾಳೆ ಅನ್ನುವ ಹೆದರಿಕೆ. ಆ ಹೆದರಿಕೆಗೆ ಅರ್ಥ ಇದೆ.

ಹಾಗಂತ ಅತ್ತರೆ ಮನಸ್ಸು ಹಗುರ ಆಗೇ ಆಗುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ದುಃಖದ ಸಿನಿಮಾ ತೋರಿಸಿ ಒಂದು ಪ್ರಯೋಗ ಮಾಡಿದರು. ಅತ್ತವರ ಮನಸ್ಸು ಸಿನಿಮಾ ಮುಗಿದ ಕೂಡಲೇ ಇನ್ನೂ ಭಾರವಾಗಿತ್ತು. ಸುಮಾರು ಇಪ್ಪತ್ತು ನಿಮಿಷಕ್ಕೆ ಮೊದಲಿನಂತಾಯಿತು. ಒಂದೂವರೆ ಗಂಟೆ ಕಳೆದ ಮೇಲೆ ಮೊದಲಿಗಿಂತ ಚೆನ್ನಾಗಿತ್ತು. ಅಂದರೆ ಅತ್ತ ಮೇಲೆ ಸ್ವಲ್ಪ ಹೊತ್ತು ಬೇಕು. ಎದ್ದು ಓಡಾಡಬೇಕು, ಯಾರ ಜೊತೆಗಾದರೂ ಮಾತಾಡಬೇಕು, ಒಂದು ಲೋಟ ಚಹಾ ಕುಡಿಯಬೇಕು. ನೀನು ಅಳುವುದು ಮಧ್ಯರಾತ್ರಿ, ಚಾದರದ ಒಳಗೆ. ಭಾರವಾದ ಮನಸ್ಸನ್ನು ಹಾಗೇ ಹೊತ್ತುಕೊಂಡು ಕತ್ತಲೆಯಲ್ಲಿ ಕಣ್ಣು ಬಿಟ್ಟು ಮಲಗುತ್ತೀಯ. ಎರಡು ಗಂಟೆಯಾದರೂ ನಿದ್ದೆ ಬರದಿದ್ದರೆ ಅದು ನಿನ್ನ ತಪ್ಪಲ್ಲ.

ಇನ್ನು ಅಣ್ಣ ಹೇಳುವುದು. ಸಿನಿಮಾದಿಂದ ಏನೂ ಆಗುವುದಿಲ್ಲ ಅಂತ ನಾನು ವಾದಿಸುವುದಿಲ್ಲ. ಆತ್ಮಹತ್ಯೆಯ ಸುದ್ದಿಯನ್ನು ಪತ್ರಿಕೆಗಳು ಮುಖಪುಟದಲ್ಲಿ ದೊಡ್ಡದಾಗಿ ಹಾಕಿದ ಮೇಲೆ ಅಂಥ ಸಾವುಗಳು ಹೆಚ್ಚಾದವು ಅಂತ 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞ ತೋರಿಸಿದರು. ಅಂಥ ಸುದ್ದಿಯನ್ನು ಹೇಗೆ ಬರೆಯಬೇಕು ಅನ್ನುವ ನಿಯಮಗಳು ಬಂದಿರುವುದು ಇದೇ ಕಾರಣಕ್ಕೆ. ಆದರೆ ಅದು ನಿಜವಾದ ಸಾವಿನ ಸುದ್ದಿ. ಕಟ್ಟುಕಥೆಯ ವಿಷಯದಲ್ಲಿ ಫಲಿತಾಂಶ ಅಷ್ಟು ಖಚಿತವಾಗಿಲ್ಲ, ಒಂದು ಅಧ್ಯಯನ ಹೌದು ಅಂದರೆ ಇನ್ನೊಂದು ಇಲ್ಲ ಅನ್ನುತ್ತದೆ. ಮೊದಲೇ ಕುಗ್ಗಿ ಹೋದವರಿಗೆ ದುಃಖದ ದೃಶ್ಯ ಜಾಸ್ತಿ ತಾಗುತ್ತದೆ, ಇದನ್ನು ನಾನು ದಿನಾ ನೋಡುತ್ತೇನೆ. ಸಿನಿಮಾ ನೋಡಿ ಹೇರ್‌ಸ್ಟೈಲ್, ಬುಲೆಟ್ ಗಾಡಿ, ಡೈಲಾಗ್ ಕಾಪಿ ಮಾಡುವುದು ಬೇರೆ. ಮನೆ ಬಿಟ್ಟು ಹೋಗುವುದು ಬೇರೆ. ಮನೆ ಬಿಟ್ಟ ಹುಡುಗಿಯರ ಜೊತೆ ಕೂತು ಮಾತಾಡಿದ್ದೇನೆ. ಅವರ ಮಾತಿನಲ್ಲಿ ಬರುವುದು ಮನೆಯಲ್ಲಿ ಕೇಳಿದ ಬೈಗುಳ, ಕೇಳದೆಯೇ ಗೊತ್ತುಮಾಡಿದ ಮದುವೆ, ಮೊಬೈಲ್ ಕಸಿದುಕೊಂಡು ಹಾಕಿದ ಕೀಲಿ. ಸಿನಿಮಾದ ಹೆಸರು ಬರುವುದಿಲ್ಲ.

ಅಣ್ಣ ಈ ಸಿನಿಮಾವನ್ನು ಪೂರ್ತಿ ನೋಡಿದ್ದಾನೋ ಇಲ್ಲವೋ ಅಂತ ನನಗೆ ಅನುಮಾನ. ಓಡಿ ಹೋಗುವುದು ಸುಲಭ ಅಂತ ಅದು ಎಲ್ಲಿ ಹೇಳುತ್ತದೆ? ಊರಲ್ಲಿ ಟ್ರ್ಯಾಕ್ಟರ್ ಓಡಿಸಿ ಮೆರೆದ ಅರ್ಚಿ ಹೈದರಾಬಾದಿನ ಕೊಳಗೇರಿಯಲ್ಲಿ ವಾಸನೆ ತಡೆಯಲಾಗದೆ, ಅವ್ವನ ನೆನಪಾಗಿ ಅಳುತ್ತಾಳೆ. ಪರ್ಶ್ಯಾ ದೋಸೆ ಅಂಗಡಿಯಲ್ಲಿ ದುಡಿಯುತ್ತಾನೆ. ಅವಳು ಫ್ಯಾಕ್ಟರಿಗೆ ಹೋಗುತ್ತಾಳೆ, ತೆಲುಗು ಕಲಿಯುತ್ತಾಳೆ. ಅವನು ಸಂಶಯ ಪಡುತ್ತಾನೆ, ಹೊಡೆಯುತ್ತಾನೆ. ಅವಳು ಬಿಟ್ಟು ಹೊರಡುತ್ತಾಳೆ, ಮತ್ತೆ ಬರುತ್ತಾಳೆ. ಹುಡುಗಾಟದ ಅವರಿಬ್ಬರೂ ದೊಡ್ಡವರಾಗುವುದು ಅಲ್ಲಿಯೇ. ಆ ಭಾಗದಲ್ಲಿ ಕುಣಿಯುವ ಹಾಡಿಲ್ಲ. ಹಾಗಾಗಿ ತುಂಬಾ ಜನ ಅದನ್ನು ದಾಟಿಸಿ ನೋಡುತ್ತಾರೆ.

ನೀನೂ ಈಗ ದಾಟಿಸುತ್ತಿದ್ದೀಯ. ನಿನ್ನ ಪತ್ರದಲ್ಲಿ ನಾನು ಪೆನ್ನಿನಿಂದ ಗೆರೆ ಎಳೆದದ್ದು ಇಲ್ಲಿಯೇ: “ಈಗ ಪೂರ್ತಿ ಸಿನಿಮಾ ನೋಡುವುದಿಲ್ಲ.” ಸುಮಾರು ಮೂರು ಗಂಟೆಯ ಸಿನಿಮಾ ಅದು. ನಗಿಸುತ್ತದೆ, ಕುಣಿಸುತ್ತದೆ, ದಣಿಸುತ್ತದೆ, ಕೊನೆಗೆ ಹೊಡೆಯುತ್ತದೆ. ಅಜಯ್-ಅತುಲ್ ಸಂಗೀತ ಅಷ್ಟು ಹೊತ್ತು ಮೊಳಗಿ ಕೊನೆಗೆ ಸದ್ದೇ ಇಲ್ಲದಂತಾಗುತ್ತದೆ. ಪೂರ್ತಿ ನೋಡಿದವರಿಗೆ ಆ ಮೌನವನ್ನು ತಾಳಿಕೊಳ್ಳಲು ಹಿಂದಿನ ಸಂತೋಷದ ಬಲ ಇರುತ್ತದೆ. ಕೊನೆಯ ಹತ್ತು ನಿಮಿಷ ಮಾತ್ರ ನೋಡಿದರೆ ಅದೇನೂ ಸಿಗುವುದಿಲ್ಲ. ಅರ್ಚಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿರುತ್ತಾಳೆ. ತವರಿನವರು ಅವ್ವ ಕೊಟ್ಟ ಉಡುಗೊರೆ ಹಿಡಿದು ಬರುತ್ತಾರೆ. ಅವಳು ಒಳಗೆ ಕರೆಯುತ್ತಾಳೆ, ಚಹಾ ಕೊಡುತ್ತಾಳೆ. ಪಕ್ಕದ ಮನೆಯವಳ ಜೊತೆ ಹೋಗಿದ್ದ ಕೂಸು ತಿರುಗಿ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇಷ್ಟನ್ನೇ ದಿನಾ ನೋಡುವುದು ಸಿನಿಮಾ ನೋಡುವುದಲ್ಲ. ಹುಣ್ಣಿನ ಮೇಲಿನ ಹಕ್ಕಳೆ ಕಿತ್ತು ನೋಡುವಂತೆ ಅದು, ಮಾಯುವುದಕ್ಕೆ ಬಿಡುವುದಿಲ್ಲ.

ಹಾಗಾದರೆ ಆ ಹತ್ತು ನಿಮಿಷವೇ ಯಾಕೆ? ಅದೂ ದೀಪಾವಳಿಯ ನಂತರವೇ ಯಾಕೆ?

ಸಿನಿಮಾದ ಬಗ್ಗೆ ಇಷ್ಟೊಂದು ಬರೆದವಳು ರೂಮ್‌ಮೇಟ್ ಬಗ್ಗೆ ಒಂದೇ ಸಾಲು ಬರೆದಿದ್ದೀಯ. ಬೇರೆ ಜಾತಿಯ ಹುಡುಗ. ಪುಣೆ. ನಂಬರ್ ಬಂದ್. ಬಾಗಿಲು ತೆರೆದು ತವರಿನವರನ್ನು ಒಳಗೆ ಕರೆಯುವ ಹುಡುಗಿಯನ್ನು ದಿನಾ ರಾತ್ರಿ ನೋಡುವಾಗ ನಿನ್ನ ಕಣ್ಣಮುಂದೆ ಇರುವುದು ಅರ್ಚಿ ಒಬ್ಬಳೇ ಅಂತ ನನಗೆ ಅನಿಸುವುದಿಲ್ಲ. ನೀನು ಗೆಳತಿಯ ಸಲುವಾಗಿ ಹೆದರಿದ್ದೀಯ. ಅವಳು ಹೇಳದೆ ಹೋದಳು ಅನ್ನುವ ನೋವೂ ಇರಬಹುದು, ಪಕ್ಕದ ಮಂಚ ಖಾಲಿ ಅನ್ನುವ ಬೇಸರವೂ ಇರಬಹುದು. ಹಾಸ್ಟೆಲಿನಲ್ಲಿ ಅವಳ ಹೆಸರು ಎತ್ತುವ ಹಾಗಿಲ್ಲ, ಮನೆಯಲ್ಲಿ ಎತ್ತಿದರೆ ಅಣ್ಣ ಏನು ಅಂತಾನೋ ಗೊತ್ತು. ಅತ್ತರೆ ಯಾರೂ ಕಾರಣ ಕೇಳದ ಜಾಗ ಒಂದೇ ಉಳಿದಿತ್ತು, ಆ ಸಿನಿಮಾ. ಪತ್ರ ಓದಿ ನಾನು ಊಹಿಸುತ್ತಿರುವುದು ಇದು. ತಪ್ಪಿದ್ದರೆ ಬಿಟ್ಟುಬಿಡು. ಆದರೆ ಓದುವಾಗ ನಿನ್ನ ಗಂಟಲು ಬಿಗಿದಿದ್ದರೆ ಮುಂದೆ ಓದು.

“ಸುಮ್ನೆ ಸಿನಿಮಾ ಅಲ್ವಾ, ಬಿಡು” ಅಂತ ನಿನಗೆ ನಾನು ಹೇಳಲಾರೆ. ಮರ್ಯಾದೆಯ ಹೆಸರಿನ ಕೊಲೆಗಳು ನಿಜ. ಆ ಸಿನಿಮಾ ಅದನ್ನೇ ಹೇಳಲು ಬಂದದ್ದು. ಅದೇ ಹೊತ್ತಿಗೆ ಇದೂ ನಿಜ: ಜಾತಿ ಮೀರಿ ಮದುವೆಯಾದ ಎಷ್ಟೋ ಜನ ಬದುಕಿ, ಮಕ್ಕಳನ್ನು ಬೆಳೆಸಿ, ಕಾಲಕ್ರಮದಲ್ಲಿ ತವರಿನ ಜೊತೆ ಮಾತನ್ನೂ ಶುರುಮಾಡಿದ್ದಾರೆ. ಅಂಥವರ ಬಗ್ಗೆ ಸಿನಿಮಾ ಬರುವುದು ಕಡಿಮೆ. ನಂಬರ್ ಬಂದ್ ಇರುವುದಕ್ಕೆ ನೂರು ಕಾರಣ ಇರಬಹುದು. ಮನೆಯವರು ಹುಡುಕಬಾರದು ಅಂತ ಸಿಮ್ ಬದಲಿಸುವುದು ಸಾಮಾನ್ಯ. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಅಡ್ಡಿ ಮಾಡುವ ಹಕ್ಕು ಯಾರಿಗೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂಥ ಜೋಡಿಗಳ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕು, ಬೆದರಿಕೆ ಇದ್ದವರಿಗೆ ಸುರಕ್ಷಿತ ಮನೆ ಕೊಡಬೇಕು ಅಂತಲೂ ಸರ್ಕಾರಗಳಿಗೆ ಸೂಚಿಸಿದೆ. ಗೆಳತಿ ಸಂಪರ್ಕಕ್ಕೆ ಸಿಕ್ಕರೆ ಇದನ್ನು ಅವಳಿಗೆ ಹೇಳು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಅವಳು ಎಲ್ಲಿದ್ದಾಳೆ ಅಂತ ಗೊತ್ತಾದರೆ ಊರಲ್ಲಿ ಯಾರಿಗೂ ಹೇಳಬೇಡ. ಅವಳ ತವರಿನವರು ಅತ್ತು ಕೇಳಿದರೂ, ಮೊದಲು ಅವಳನ್ನು ಕೇಳದೆ ಹೇಳಬೇಡ.

ಈಗ ಡಿಲೀಟ್ ಪ್ರಶ್ನೆ. ಮಾಡಬಹುದು. ಆದರೆ ಎರಡು ದಿನಕ್ಕೆ ಮತ್ತೆ ಹುಡುಕಿ ಹಾಕಿಕೊಳ್ಳುತ್ತೀಯ, ಜೊತೆಗೆ ನನ್ನಿಂದ ಅಷ್ಟೂ ಆಗಲಿಲ್ಲ ಅನ್ನುವ ನಾಚಿಕೆ ಸೇರುತ್ತದೆ. ಬೇರೆಯವರು ಫೋನ್ ಕಸಿದು ಡಿಲೀಟ್ ಮಾಡಿದರೆ ಇನ್ನೂ ಕೆಟ್ಟದ್ದು. ಬಾಗಲಕೋಟೆ ಕಡೆಯ ಒಬ್ಬ ತಂದೆ ಮಗನ ಫೋನ್ ಒಡೆದು ಹಾಕಿ ನಂತರ ನನ್ನ ಬಳಿ ಕರೆತಂದಿದ್ದರು. ಹುಡುಗ ಸಿನಿಮಾ ಬಿಡಲಿಲ್ಲ, ಅಪ್ಪನ ಜೊತೆ ಮಾತು ಬಿಟ್ಟ. ನನ್ನ ಸಲಹೆ ಬೇರೆ. ನೋಡಿದರೆ ಪೂರ್ತಿ ನೋಡು, ಹೈದರಾಬಾದಿನ ಭಾಗ ದಾಟಿಸದೆ. ಹಗಲು ಹೊತ್ತು ನೋಡು, ರವಿವಾರ ಮಧ್ಯಾಹ್ನ, ಆದರೆ ಒಬ್ಬಳನ್ನಾದರೂ ಜೊತೆಗೆ ಕೂರಿಸಿಕೊಂಡು. ಕೊನೆಯ ದೃಶ್ಯದ ತುಣುಕು ಬೇರೆಯಾಗಿ ಸೇವ್ ಆಗಿದ್ದರೆ ಅದೊಂದನ್ನು ತೆಗೆದುಹಾಕು. ರಾತ್ರಿ ಹತ್ತರ ನಂತರ ಫೋನ್ ಚಾರ್ಜಿಂಗಿಗೆ ಕೈಗೆ ಸಿಗದಷ್ಟು ದೂರ ಇಡು. ಮೊದಲ ಮೂರ್ನಾಲ್ಕು ರಾತ್ರಿ ಚಡಪಡಿಕೆ ಜಾಸ್ತಿ ಆಗುತ್ತದೆ, ಅದಕ್ಕೆ ಹೆದರಬೇಡ. ಆ ಹೊತ್ತಿಗೆ ನೋಟ್‌ಬುಕ್ ತೆಗೆ. ಡೈಲಾಗ್ ಬರೆದಿರುವ ಅದೇ ನೋಟ್‌ಬುಕ್ಕಿನಲ್ಲಿ ಗೆಳತಿಗೆ ಒಂದು ಪತ್ರ ಬರೆ. ಕಳಿಸಬೇಕಂತಿಲ್ಲ. ಸಿಟ್ಟಿದ್ದರೆ ಸಿಟ್ಟೂ ಬರೆ.

ಹಿಂದಿ ಅವತರಣಿಕೆಯಲ್ಲಿ ಕೊನೆ ಬದಲಿಸಿದ್ದಾರಲ್ಲ, ಅದನ್ನಾದರೂ ನೋಡಲೇ ಅಂತ ಕೆಲವರು ನನ್ನನ್ನು ಕೇಳುತ್ತಾರೆ. ಅಲ್ಲಿ ಹುಡುಗಿ ಉಳಿಯುತ್ತಾಳೆ, ಗಂಡ ಮತ್ತು ಮಗು ಉಳಿಯುವುದಿಲ್ಲ. ಅದರಿಂದ ಯಾರಿಗೂ ಸಮಾಧಾನ ಆಗಿದ್ದನ್ನು ನಾನು ಕಂಡಿಲ್ಲ.

ಕರಮಾಳಾಕ್ಕೆ ಹೋಗುವ ಆಸೆಯಲ್ಲಿ ತಪ್ಪೇನಿಲ್ಲ. ಪರೀಕ್ಷೆ ಮುಗಿಯಲಿ, ಸೊಲ್ಲಾಪುರದ ಮಾವನನ್ನೇ ಜೊತೆಗೆ ಕರೆದುಕೊಂಡು ಬೆಳಿಗ್ಗೆ ಹೋಗಿ ಸಂಜೆ ಬಾ. ಸಿನಿಮಾದಲ್ಲಿ ಕಂಡ ಬಾವಿಯ ಮೆಟ್ಟಿಲಿಗೂ ಮರಕ್ಕೂ ನಿನ್ನ ಪರಿಚಯ ಇರುವುದಿಲ್ಲ, ಜನ ತಮ್ಮ ಪಾಡಿಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿರುತ್ತಾರೆ. ಮೊದಲು ನಿರಾಸೆ ಆಗಬಹುದು. ಮನಸ್ಸು ಈಗಿನಷ್ಟು ಕುಗ್ಗಿರುವಾಗ, ಅದೂ ಒಬ್ಬಳೇ, ಹೋಗುವುದು ಮಾತ್ರ ಬೇಡ.

ನಿನ್ನ ಪತ್ರದ ಕೊನೆಯ ಮಾತು ನನ್ನನ್ನು ಹೆಚ್ಚು ಕಾಡಿದ್ದು. “ಸಾಯಬೇಕು ಅಂತೇನಿಲ್ಲ, ಆದರೆ ಯಾವುದೂ ಬೇಡ ಅನಿಸುತ್ತದೆ.” ಹೀಗೆ ಅಂದವರ ಹತ್ತಿರ ಸಾವಿನ ಮಾತು ಎತ್ತಬಾರದು, ಎತ್ತಿದರೆ ನಾವೇ ತಲೆಗೆ ಹುಳ ಬಿಟ್ಟಂತೆ ಅಂತ ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ನೇರವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹಾಗಾಗಿ ನೇರವಾಗಿಯೇ ಕೇಳುತ್ತೇನೆ: ಬದುಕುವುದು ಬೇಡ ಅನ್ನುವ ಯೋಚನೆ ಬಂದಿದೆಯೇ? ಹೇಗೆ, ಯಾವಾಗ ಅಂತ ಮನಸ್ಸು ಲೆಕ್ಕ ಹಾಕಿದೆಯೇ? ಹೌದು ಅನ್ನುವುದಾದರೆ ಈ ಉತ್ತರ ಓದಿ ಮುಗಿಸುವುದಕ್ಕೂ ಕಾಯಬೇಡ. ವಾರ್ಡನ್ ಆಗಲಿ, ಅವ್ವ ಆಗಲಿ, ಯಾರನ್ನಾದರೂ ಎಬ್ಬಿಸು, ಒಬ್ಬಳೇ ಇರಬೇಡ, ಇವತ್ತೇ ಆಸ್ಪತ್ರೆಗೆ ಹೋಗು.

ಇಲ್ಲ ಅನ್ನುವುದಾದರೂ ತೋರಿಸಿಕೊಳ್ಳಲೇಬೇಕು. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು, ದಿನದ ಬಹುಪಾಲು ಹೊತ್ತು ಇದ್ದರೆ, ಜೊತೆಗೆ ನಿದ್ದೆ, ಊಟ, ಓದು ಕೆಟ್ಟಿದ್ದರೆ, ಖಿನ್ನತೆ ಇದೆಯೇ ಅಂತ ನಾವು ಪರೀಕ್ಷಿಸುತ್ತೇವೆ. ನಿನ್ನದು ದೀಪಾವಳಿಯಿಂದ ನಡೆದಿದೆ. ಪತ್ರ ಓದಿ ಕಾಯಿಲೆಯ ಹೆಸರು ಇಡುವುದು ಸರಿಯಲ್ಲ, ಎದುರು ಕೂತು ಮಾತಾಡಬೇಕು. ಕೆಲವರಿಗೆ ಮಾತುಕತೆಯ ಚಿಕಿತ್ಸೆಯೇ ಸಾಕಾಗುತ್ತದೆ. ಕೆಲವರಿಗೆ ಗುಳಿಗೆ ಬೇಕಾಗುತ್ತದೆ. ಗುಳಿಗೆ ಹಚ್ಚಿದರೆ ಜೀವನಪೂರ್ತಿ ಬಿಡುವುದಿಲ್ಲ ಅನ್ನುವುದು ನಮ್ಮ ಕಡೆಯ ದೊಡ್ಡ ಹೆದರಿಕೆ. ಖಿನ್ನತೆಯ ಗುಳಿಗೆಗಳು ಚಟ ಹಿಡಿಸುವಂಥವಲ್ಲ. ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ತಲೆನೋವು ಬರಬಹುದು. ನಿನ್ನ ವಯಸ್ಸಿನವರಿಗೆ ಮೊದಲ ಕೆಲವು ವಾರ ಚಡಪಡಿಕೆ ಹೆಚ್ಚಾದರೆ ಅಥವಾ ಸಾವಿನ ಯೋಚನೆ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಆರಾಮಾಯಿತು ಅಂತ ತಾನೇ ಒಮ್ಮೆಲೆ ನಿಲ್ಲಿಸುವುದು ಮಾತ್ರ ತಪ್ಪು, ವೈದ್ಯರು ನಿಧಾನಕ್ಕೆ ಇಳಿಸುತ್ತಾರೆ.

ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಹೆಚ್ಚಿನ ತೊಂದರೆ ಇದ್ದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಯಾರಾದರೂ ನೋಡಿದರೆ ಏನಂತಾರೋ ಅನ್ನುವ ಅಳುಕು ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡು. ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಏನಂತ ಶುರುಮಾಡಲಿ ಅಂತ ತಡವರಿಸಿದರೆ ಸಿನಿಮಾದಿಂದ ಶುರುಮಾಡಬೇಡ, ಆ ಮಾತೇ ಮುಗಿಯುವುದಿಲ್ಲ. “ನನ್ನ ರೂಮ್‌ಮೇಟ್ ದೀಪಾವಳಿಗೆ ಹೋದವಳು ತಿರುಗಿ ಬಂದಿಲ್ಲ, ಅವತ್ತಿನಿಂದ ನನಗೆ ನಿದ್ದೆ ಇಲ್ಲ” ಅಂತ ಹೇಳು. ಉಳಿದದ್ದನ್ನು ಅವರು ಕೇಳಿಕೊಳ್ಳುತ್ತಾರೆ.